ಒಂದೇ ಹುಳ

ನಮ್ಮ ಮನೆಯಲ್ಲಿ ಹಾವಿಗೆ ಹಾವು ಅನ್ನುವ ಹಾಗಿಲ್ಲ. ಹಗಲಾದರೂ ಅಷ್ಟೇ, ಸಂಜೆಯಾದರೂ ಅಷ್ಟೇ, ಅಮ್ಮನ ಎದುರಿಗೆ ಅದು ‘ಹುಳ’. ಹಿತ್ತಲಲ್ಲಿ ಕೇರೆ ಹರಿದರೆ ‘ಹುಳ ಹೋಯ್ತು’, ಯಾರಿಗಾದರೂ ಕಚ್ಚಿದರೆ ‘ಹುಳ ಮುಟ್ಟಿತಂತೆ’. ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಅಂತ ಅವಳ ಅಜ್ಜಿ ಹೇಳಿಕೊಟ್ಟಿದ್ದರಂತೆ. ಹೀಗಾಗಿ ಚಕ್ಕುಲಿ ಹಳೇಬೀಡಿನ ನಮ್ಮ ಮನೆಗೆ ಬಂದ ದಿನದಿಂದ ಅದೂ ಹುಳವೇ ಆಯಿತು.

ಚಕ್ಕುಲಿ ನನ್ನ ಕಾಲೇಜಿನ ಗೆಳತಿ ಅಕ್ಷತಾಳದು. ಆಫ್ರಿಕಾ ಮೂಲದ ಬಾಲ್ ಪೈಥಾನ್, ಹೆಬ್ಬಾವಿನ ಪುಟ್ಟ ಜಾತಿ. ವಿಷವಿಲ್ಲ. ನನ್ನ ತೋಳಿಗಿಂತ ಸ್ವಲ್ಪ ಉದ್ದ, ಬೆಲ್ಲದ ಪಾಕದ ಬಣ್ಣ, ಮೇಲೆ ಕಪ್ಪು ಮಚ್ಚೆ. ಹೆದರಿದರೆ ತಲೆಯನ್ನು ಒಳಗಿಟ್ಟು ಸುತ್ತಿಕೊಂಡುಬಿಡುತ್ತದೆ, ಥೇಟ್ ಚಕ್ಕುಲಿ. ಅರಣ್ಯ ಇಲಾಖೆಯಲ್ಲಿ ನೋಂದಣಿಯೂ ಆಗಿದೆ. ಅಕ್ಷತಾಗೆ ಧಾರವಾಡದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಹಾಸ್ಟೆಲಿಗೆ ಹಾವು ಒಯ್ಯುವ ಹಾಗಿಲ್ಲ. ಗೆಂಡೆಹಳ್ಳಿಯ ಅವಳ ಮನೆಯಲ್ಲಿ ಅಣ್ಣ ಹೇಮಂತನ ಹೊರತು ಯಾರೂ ಅದು ಇದ್ದ ಕೋಣೆಗೆ ಕಾಲಿಡುತ್ತಿರಲಿಲ್ಲ, ಅವನೋ ಬೆಳಗಿನಿಂದ ಹೊಲದಲ್ಲಿರುವವನು. ಕೊನೆಗೆ ನನ್ನನ್ನು ಕೇಳಿದಳು. “ನೀನೂ ಮಾತಾಡಲ್ಲ, ಅದೂ ಮಾತಾಡಲ್ಲ, ಚೆನ್ನಾಗಿ ಹೊಂದ್ಕೋತೀರ ಕಣೇ ಮೇಧಿನಿ” ಅಂದಳು. ತಮಾಷೆಗೆ ಅಂದದ್ದು, ಹಾಗೇ ಆಯಿತು.

ಅಪ್ಪ ಬೇಗ ಒಪ್ಪಿದರು. ಅಮ್ಮನಿಗೆ ಸ್ವಲ್ಪ ದಿನ ಹಿಡಿಯಿತು. ಬಚ್ಚಲುಮನೆಯ ಪಕ್ಕದ ಸೌದೆ ಕೋಣೆಯಲ್ಲಿ ಇಟ್ಟುಕೋ, ಅಡಿಗೆಮನೆಯ ಕಡೆ ತರಬೇಡ ಅಂದಳು. ಅದರ ಊಟದ ವಿಷಯ ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅಯ್ಯಂಗಾರರ ಮನೆಯಲ್ಲಿ ಇಂಥ ಒಪ್ಪಂದಗಳು ಬಾಯಿಬಿಟ್ಟು ಆಗುವುದಿಲ್ಲ. ಹೇಮಂತ ಹಾಸನದಿಂದ ಊಟದ ಡಬ್ಬ ತಂದು, ಭಾನುವಾರ ಬೈಕಿನಲ್ಲಿ ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಆ ಹೊತ್ತಿಗೆ ಅಮ್ಮನಿಗೆ ಮುಂದಿನ ಅಂಗಳದಲ್ಲಿ ಏನೋ ಕೆಲಸ ಇದ್ದೇ ಇರುತ್ತಿತ್ತು.

ಮೊದಲು ಹಾಸಿಗೆಯ ಪ್ರಶ್ನೆ. ಅಕ್ಷತಾ ಹಳೇ ಪೇಪರು ಹಾಸುತ್ತಿದ್ದಳು. ಸ್ವಚ್ಛ ಮಾಡಲು ಸುಲಭ, ಆದರೆ ಅದಕ್ಕೆ ಹುದುಗಲು ಏನೂ ಇಲ್ಲ, ಪಾಪ, ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರ ಹಾಗೆ ಕಾಣುತ್ತಿತ್ತು. ಬೇಲೂರಿನ ಮರದ ಡಿಪೋದಿಂದ ಹೊಟ್ಟು ತಂದು ನೋಡಿದೆ. ಯಾವ ಮರದ್ದೋ, ಮೂಗಿಗೆ ಹತ್ತುವ ಎಣ್ಣೆ ವಾಸನೆ. ವಾಸನೆಯ ಮರ ಹಾವಿನ ಉಸಿರಿಗೆ ಒಳ್ಳೆಯದಲ್ಲ ಅಂತ ಓದಿದ್ದೆ, ಎಸೆದೆ. ಭತ್ತದ ಹೊಟ್ಟಿನಲ್ಲಿ ಧೂಳು. ಕೈಯಲ್ಲಿ ಆಡಿಸಿದರೆ ನನಗೇ ಸೀನು ಬಂತು.

ಅಪ್ಪ ಅರಸೀಕೆರೆಯಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿಬರುವವರು. ತೆಂಗಿನ ನಾರಿನ ಪುಡಿ ಆ ಊರಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು. ಒಂದು ಸಂಜೆ ಟಿಫನ್ ಬ್ಯಾಗಿನಿಂದ ಆ ಪುಡಿ ಒತ್ತಿ ಮಾಡಿದ ಇಟ್ಟಿಗೆಯಂಥದ್ದೊಂದು ತೆಗೆದು ನನ್ನ ಮುಂದಿಟ್ಟರು.

“ಸ್ವಾಮಿಗೆ ಹಾವೇ ಹಾಸಿಗೆ. ನೀನು ಹಾವಿಗೇ ಹಾಸಿಗೆ ಹುಡುಕ್ತಾ ಕೂತಿದೀಯಲ್ಲೇ” ಅಂದರು. ಒಳಗಿನಿಂದ ಅಮ್ಮ, “ಸಂಜೆ ಹೊತ್ತು ಏನ್ರೀ ಅದು ಹೆಸರು” ಅಂದಳು. ಅಪ್ಪ ಕೆನ್ನೆಗೆ ಕೈ ಮುಟ್ಟಿಸಿಕೊಂಡರು.

ಆ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿದರೆ ಅದು ಉಬ್ಬಿ ಉಬ್ಬಿ ಅಂಚು ದಾಟಿ ಬಚ್ಚಲಿಗೆ ಚೆಲ್ಲಿತು. ನೀರು ಚಹಾ ಬಣ್ಣಕ್ಕೆ ತಿರುಗಿತು. ನಾಲಿಗೆಗೆ ಒಂದು ಹನಿ ಮುಟ್ಟಿಸಿದೆ, ಉಪ್ಪು. ನೀರು ತಿಳಿಯಾಗುವವರೆಗೆ ತೊಳೆದು, ಹಿಂಡಿ, ತಾರಸಿಯ ಮೇಲೆ ಹಳೇ ಪಂಚೆಯಲ್ಲಿ ಹರಡಿದೆ. ಹಪ್ಪಳ ಒಣಗಿಸುವ ಜಾಗ ಅದು. ಅಮ್ಮ ಬಂದು ನೋಡಿದಳು, ಗಾಳಿಗೆ ಪಂಚೆ ಹಾರದಂತೆ ಮೂಲೆಗೆ ಕಲ್ಲಿಟ್ಟು ಹೋದಳು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಸಿ, ಒಡೆದ ಮಡಕೆಯೊಂದನ್ನು ಬೋರಲು ಹಾಕಿಕೊಟ್ಟೆ. ಚಕ್ಕುಲಿ ಮೂತಿಯಿಂದ ಪುಡಿಯನ್ನು ತಳ್ಳಿಕೊಂಡು ಮಡಕೆಯೊಳಗೆ ಸೇರಿತು. ಅವತ್ತು ನನಗೆ ಬಹಳ ಸಮಾಧಾನವಾಯಿತು.

ಶಾಖದ್ದು ಇನ್ನೊಂದು ಕಥೆ. ಡಿಸೆಂಬರ್ ಬಂದಿತ್ತು. ಬೆಳಿಗ್ಗೆ ಹೊತ್ತು ಕೆರೆಯ ಕಡೆಯಿಂದ ಬರುವ ಗಾಳಿಗೆ ನಮ್ಮ ಕಿವಿಯೇ ಮರಗಟ್ಟುತ್ತದೆ. ಬೇಲೂರಿನಲ್ಲಿ ಚೇತನ್‌ಕುಮಾರ್ ಅನ್ನುವವರ ಎಲೆಕ್ಟ್ರಿಕ್ ಅಂಗಡಿಯಿದೆ. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ನಿಂತಿದ್ದು, ಬಿಸಿಯಾಗೋ ಬಲ್ಬ್ ಇದೆಯಾ ಅಂತ ಕೇಳಿದೆ. ಬಿಸಿಯಾಗದೇ ಇರೋ ಬಲ್ಬ್ ಅಂತ ಹೇಳಿ ಹೇಳಿ ಮಾರ್ತಾ ಇದೀವಿ, ನೀವು ಬಂದು ಬಿಸಿಯಾಗೋದೇ ಬೇಕು ಅಂತೀರಲ್ಲ ಮೇಡಂ ಅಂದರು. ಗೋದಾಮಿನಿಂದ ಹಳೆಯದೊಂದು ಹುಡುಕಿ ಕೊಟ್ಟರು. ಹಚ್ಚಿದರೆ ಚಕ್ಕುಲಿ ಬೆಳಕಿಗೆ ಹೆದರಿ ಮಡಕೆ ಬಿಟ್ಟು ಹೊರಗೇ ಬರಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಶಾಖದ ಚಾಪೆ ತರಿಸಿ, ಪೆಟ್ಟಿಗೆಯ ಅರ್ಧ ಭಾಗದ ಕೆಳಗೆ ಮಾತ್ರ ಇಟ್ಟೆ. ಬೆಚ್ಚಗೆ ಬೇಕಾದಾಗ ಈ ಕಡೆ, ಸಾಕೆನಿಸಿದಾಗ ಆ ಕಡೆ ಹೋಗಲು ಅದಕ್ಕೆ ಜಾಗ ಇರಬೇಕು. ಚಾಪೆ ಕಾದು ಹೊಟ್ಟೆ ಸುಡದ ಹಾಗೆ, ಮೊಟ್ಟೆಯಿಂದ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ಥರ್ಮೋಸ್ಟ್ಯಾಟ್ ಒಂದನ್ನು ಚೇತನ್‌ಕುಮಾರ್ ಅವರೇ ಜೋಡಿಸಿಕೊಟ್ಟರು. ಎಷ್ಟು ಕೋಳಿ ಅಂತ ಕೇಳಿದರು. ನಾನು ತಲೆಯಾಡಿಸಿ ಬಂದೆ.

ಹಾಸಿಗೆ ಆಯಿತು, ಶಾಖ ಆಯಿತು. ಆದರೆ ಚಕ್ಕುಲಿ ಊಟ ಬಿಟ್ಟಿತು.

ಒಂದು ಭಾನುವಾರ ಹೇಮಂತ ತಂದದ್ದನ್ನು ಮೂಸಿ ಮುಖ ತಿರುಗಿಸಿತು. ಮುಂದಿನ ಸಲ ಮೂಸಲೂ ಇಲ್ಲ. ಚಳಿಯೇ ಕಾರಣ ಅಂದುಕೊಂಡು ಶಾಖ ಒಂದು ಡಿಗ್ರಿ ಏರಿಸಿದೆ, ಮತ್ತೆ ಇನ್ನೊಂದು. ಕರೆಂಟು ಹೋದಾಗ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಕಾಲುಚೀಲ ತೊಡಿಸಿ ಪಕ್ಕಕ್ಕಿಟ್ಟೆ. ಹೇಮಂತ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಕೆಟ್ಟವನಲ್ಲ, ತಂಗಿಯ ವಸ್ತು ಅಂತ ಅವನಿಗೂ ಅಕ್ಕರೆ.

“ಸೊರಗ್ತಾ ಐತೆ ಕಣ್ರೀ. ಬರೋ ಭಾನುವಾರ ಬತ್ತೀನಿ. ಆಗಲೂ ಹಿಂಗೇ ಇದ್ರೆ ಹಾಸನದಲ್ಲಿ ಸಾಕೋರೊಬ್ರು ಅವ್ರೆ, ಅವ್ರಿಗೇ ಕೊಟ್ಬುಡಾನ. ನಿಮ್ಮ ತಪ್ಪಲ್ಲ” ಅಂದ.

ನಾನು ಹೂಂ ಅಂದೆ. ಅವನು ಹೋದ ಮೇಲೆ ಡೈರಿಯಲ್ಲಿ ಬರೆಯಲು ಕೂತರೂ ‘ಹೂಂ ಅಂದೆ’ ಅನ್ನುವುದಕ್ಕಿಂತ ಹೆಚ್ಚಿಗೆ ಏನೂ ಬರಲಿಲ್ಲ. ಸಂಜೆ ಆ ಪೆಟ್ಟಿಗೆಯ ಪಕ್ಕ ಮಣೆ ಹಾಕಿಕೊಂಡು ಕೂರುವುದು ನನಗೆ ದಿನದ ಒಳ್ಳೆಯ ಹೊತ್ತು. ಅಲ್ಲಿ ಯಾರೂ ಮುಂದೇನು ಮಾಡ್ತೀಯ ಅಂತ ಕೇಳುವುದಿಲ್ಲ. ಆ ಜಾಗ ಖಾಲಿಯಾಗುವುದನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ.

ಅಮ್ಮ ಇದನ್ನು ಗಮನಿಸಿದಳು. ಮನೆಯೊಳಗೆ ಇಬ್ಬರು ಉಪವಾಸ ಕೂತರೆ ಹೇಗೆ ಅಂತ ಗೊಣಗಿ, ನನಗೆ ಹೇಳದೆ, ಮಾದಿಹಳ್ಳಿಯ ಗಿಡ್ಡಮ್ಮನಿಗೆ ಫೋನ್ ಮಾಡಿದಳು. ಗಿಡ್ಡಮ್ಮ ನಮಗೆ ಬೆಣ್ಣೆ ತಂದುಕೊಡುವವಳು. ‘ನಮ್ಮನೇಲೂ ಹುಳ ಸಾಕ್ತೀವಿ ಕಣವ್ವ’ ಅಂತ ಯಾವತ್ತೋ ಹೇಳಿದ್ದಳಂತೆ. ಅಮ್ಮನಿಗೆ ಅದು ನೆನಪಿತ್ತು.

ಫೋನ್ ಇಟ್ಟು ಸೌದೆ ಕೋಣೆಗೆ ಬಂದವಳ ಮುಖ ಅರಳಿತ್ತು. ಹೊಸ್ತಿಲಾಚೆ ನಿಂತೇ ಒಂದೊಂದಾಗಿ ಒಪ್ಪಿಸಿದಳು. ಹುಳಕ್ಕೆ ಜ್ವರ ಬಂದಿರಬೇಕಂತೆ. ಜ್ವರಕ್ಕೆ ಕೂತಾಗ ಏನೂ ತಿನ್ನುವುದಿಲ್ಲವಂತೆ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದಂತೆ, ಆಗ ಯಾರೂ ಮುಟ್ಟಬಾರದಂತೆ. ಪೊರೆ ಬಿಟ್ಟು ಎದ್ದ ಮೇಲೆ ತಾನೇ ತಿನ್ನುತ್ತದಂತೆ. ಎದ್ದ ಮೇಲೆ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಬೇಕಂತೆ. ಕೊನೆಗೆ, ಇದಕ್ಕಾಗಿಯೇ ಕಾಯುತ್ತಿದ್ದವಳ ಹಾಗೆ ದನಿ ತಗ್ಗಿಸಿದಳು.

“ಸೊಪ್ಪು ತಿನ್ನುತ್ತಂತೆ ಕಣೇ! ಸಣ್ಣಗೆ ಹೆಚ್ಚಿ ಹಾಕಬೇಕಂತೆ. ನೀನು ಇಷ್ಟು ದಿನ ಏನೇನು ಕೊಡ್ತಿದ್ದೆಯೋ, ಅದಕ್ಕೇ ಬೇಡ ಅಂತಿದೆ.”

ಗಿಡ್ಡಮ್ಮ ಸಾಕುವುದು ರೇಷ್ಮೆ ಹುಳ. ನನಗೆ ಆಗ ಹೊಳೆಯಿತು. ಅಮ್ಮನಿಗೆ ಹೊಳೆದಿರಲಿಲ್ಲ. ಅವಳ ಸಂತೋಷ ಎಷ್ಟಿತ್ತೆಂದರೆ, ಹೇಳಲು ನನಗೆ ಮನಸ್ಸು ಬರಲಿಲ್ಲ. ಅವಳು ಮುಂದುವರಿಸಿದಳು. ಎಷ್ಟು ಹುಳ ಅಂತ ಗಿಡ್ಡಮ್ಮ ಕೇಳಿದಳಂತೆ. ಒಂದೇ ಅಂದಳಂತೆ ಅಮ್ಮ. ಒಂದು ಹುಳದಿಂದ ಏನು ಸಿಗ್ತೈತೆ ಅವ್ವಾ ಅಂತ ಕೇಳಿದ್ದಕ್ಕೆ, ಏನೂ ಸಿಗಲ್ಲ, ನಮ್ಮ ಹುಡುಗಿ ಪ್ರೀತಿಗೆ ಅಂದಳಂತೆ. ಭಾನುವಾರ ಬೆಣ್ಣೆ ತರುವಾಗ ನೋಡುತ್ತೇನೆ ಅಂತ ಗಿಡ್ಡಮ್ಮ ಫೋನ್ ಇಟ್ಟಳಂತೆ.

ನಗು ಬಂತು, ಆದರೆ ಜ್ವರ ಅನ್ನುವ ಮಾತು ತಲೆಯಲ್ಲಿ ಉಳಿಯಿತು. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಊಟ ಬಿಟ್ಟು ಕೂರುವುದನ್ನೇ ಸಾಕುವವರು ಜ್ವರ ಅನ್ನುತ್ತಾರೆ. ಹಾವೂ ಪೊರೆ ಬಿಡುವಂಥದ್ದೇ. ನಾನು ಓದಿದ್ದೆ, ಆದರೆ ಚಳಿ ಚಳಿ ಅಂತ ಅದೊಂದನ್ನೇ ಹಿಡಿದುಕೊಂಡಿದ್ದೆ. ತಲೆಯನ್ನು ಸದಾ ಸುರುಳಿಯೊಳಗೆ ಇಟ್ಟುಕೊಳ್ಳುವುದರಿಂದ ಅದರ ಕಣ್ಣು ನೋಡಿ ಎಷ್ಟೋ ದಿನವಾಗಿತ್ತು. ಮಡಕೆಯನ್ನು ಮೆಲ್ಲಗೆ ಎತ್ತಿ, ಅದು ತಲೆ ಹೊರಹಾಕುವವರೆಗೆ ಕಾದೆ. ಕಣ್ಣಿನ ಮೇಲೆ ನೀಲಿ ಬೆರೆಸಿದ ಹಾಲಿನಂಥ ಮಬ್ಬು. ಮೈಯ ಬೆಲ್ಲದ ಬಣ್ಣ ಬೂದಿಯಾಗಿತ್ತು. ಹಾಸಿಗೆ ಮುಟ್ಟಿದೆ, ನಾನು ಏರಿಸಿದ ಶಾಖಕ್ಕೆ ನಾರಿನ ಪುಡಿ ಗರಿಗರಿ ಒಣಗಿತ್ತು. ಪೊರೆ ಬಿಡಲು ಬೇಕಾದ ತೇವವನ್ನೆಲ್ಲ ನಾನೇ ಕಾಯಿಸಿ ಓಡಿಸಿದ್ದೆ.

ಶಾಖವನ್ನು ಮೊದಲಿನ ಮಟ್ಟಕ್ಕೆ ಇಳಿಸಿದೆ. ಹೊಸ ಪುಡಿಯನ್ನು ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಇಟ್ಟು ಮಡಕೆಯೊಳಗೆ ತುಂಬಿದೆ. ಮುಚ್ಚಳದ ಅರ್ಧಕ್ಕೆ ಒದ್ದೆ ಬಟ್ಟೆ ಹೊದಿಸಿದೆ. ಆಮೇಲೆ ಮುಟ್ಟಲಿಲ್ಲ.

ಭಾನುವಾರ ಗಿಡ್ಡಮ್ಮ ಬೆಣ್ಣೆಯ ಜೊತೆಗೆ ಸೆರಗಿನಲ್ಲಿ ಹಿಪ್ಪುನೇರಳೆ ಸೊಪ್ಪನ್ನೂ ಸಣ್ಣ ಪೊಟ್ಟಣದಲ್ಲಿ ಸುಣ್ಣದ ಪುಡಿಯನ್ನೂ ತಂದಳು. ಅವಳು ಹಿತ್ತಲಿಗೆ ಬರುವುದಕ್ಕೂ ಹೇಮಂತನ ಬೈಕು ನಿಲ್ಲುವುದಕ್ಕೂ ಸರಿಹೋಯಿತು. ಅವನ ಕೈಯಲ್ಲಿ ಊಟದ ಡಬ್ಬದ ಜೊತೆಗೆ ತೂತು ಕೊರೆದ ದೊಡ್ಡ ಡಬ್ಬವೂ ಇತ್ತು. ಅದು ಯಾತಕ್ಕೆಂದು ನನಗೆ ಗೊತ್ತಾಯಿತು.

ಗಿಡ್ಡಮ್ಮ ಸೌದೆ ಕೋಣೆಗೆ ಇಣುಕಿ, ಹುಳ ಸಾಕುವ ತಟ್ಟೆ ಎಲ್ಲಿ, ಹುಳ ಎಲ್ಲಿ ಅಂತ ಹುಡುಕಿದಳು. ನಾನು ಗಾಜಿನ ಪೆಟ್ಟಿಗೆ ತೋರಿಸಿದೆ. ಬಗ್ಗಿ ನೋಡಿದವಳು ಹಾಗೇ ಹಿಂದಕ್ಕೆ ನಡೆದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸೊಪ್ಪು ನೆಲಕ್ಕೆ ಬಿತ್ತು.

“ಅಯ್ಯೋ ನನ್ನವ್ವ, ಈ ಹುಳಾನ!” ಅಂದಳು. ಆಮೇಲೆ ತನ್ನ ಹಿಂದೆಯೇ ಬಂದಿದ್ದ ಅಮ್ಮನ ಕಡೆ ತಿರುಗಿ, “ಒಂದೇ ಅಂದ್ರಲ್ಲ, ಒಂದೇ ಸಾಕು ಬುಡಿ” ಅಂದಳು.

ಹೇಮಂತ ನಗುತ್ತಲೇ ಮುಚ್ಚಳದ ಮೇಲಿನ ಬಟ್ಟೆ ಸರಿಸಿ ಒಳಗೆ ಕೈ ಚಾಚಿದ.

“ಮುಟ್ಟಬೇಡಿ” ಅಂದೆ.

ಅವನು ತಿರುಗಿ ನೋಡಿದ. ನನ್ನ ದನಿ ಅವನು ಸರಿಯಾಗಿ ಕೇಳಿದ್ದು ಅದೇ ಮೊದಲಿರಬೇಕು.

“ಜ್ವರಕ್ಕೆ ಕೂತಿದೆ. ಕಣ್ಣು ಮಬ್ಬಾಗಿದೆ, ಪೊರೆ ಬಿಡುತ್ತೆ. ಈಗ ಪೆಟ್ಟಿಗೆ ಬದಲಾಯಿಸಿದ್ರೆ ಹರಿದು ಹರಿದು ಬರುತ್ತೆ. ನಾನು ಕೊಡಲ್ಲ.”

ಹೇಮಂತನ ಕೈ ಪೆಟ್ಟಿಗೆಯ ಅಂಚಿನಲ್ಲೇ ನಿಂತಿತು. ಆಮೇಲೆ ಬಾಗಿಲ ಬಳಿಯಿಂದ, ಎದೆಯ ಮೇಲೆ ಕೈಯಿಟ್ಟುಕೊಂಡೇ ಗಿಡ್ಡಮ್ಮ ಹೇಳಿದಳು. “ಜ್ವರಕ್ಕೆ ಕುಂತ ಹುಳ ಅಲ್ಲಾಡಿಸಬಾರ್ದು ಕಣಪ್ಪ. ಯಾವ ಹುಳ ಆದ್ರೇನು.”

ಹೇಮಂತ ಕೈ ಹಿಂದಕ್ಕೆ ತೆಗೆದುಕೊಂಡ. ಇನ್ನೊಂದು ಭಾನುವಾರ ನೋಡೋಣ ಅಂದ. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ನೆಲದ ಮೇಲಿನ ಸೊಪ್ಪನ್ನು ಹೆಕ್ಕುವಾಗ ಮಾತ್ರ ಅವಳ ಮುಖ ಸ್ವಲ್ಪ ಬಾಡಿತ್ತು. ಸುಣ್ಣದ ಪುಡಿ ಒಳಗೆ ಹಾಕಿದರೆ ಅದಕ್ಕೆ ಉಸಿರು ಕಟ್ಟುತ್ತದೆ ಅಂತ ಹೇಳಿದೆ. ವ್ಯರ್ಥ ಮಾಡಲು ಇಷ್ಟವಿಲ್ಲದೆ ಹೊಸ್ತಿಲಿನ ಹೊರಗಡೆ ಗೆರೆ ಎಳೆದಳು. ಇರುವೆಯಾದರೂ ಬರಬಾರದಲ್ಲ.

ವಾರದ ಮಧ್ಯೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಪೆಟ್ಟಿಗೆಯ ಉದ್ದಕ್ಕೂ ಪೊರೆ ಬಿದ್ದಿತ್ತು. ಎಲ್ಲೂ ಹರಿದಿರಲಿಲ್ಲ, ಮೂತಿಯಿಂದ ಬಾಲದವರೆಗೆ ಒಂದೇ, ಕಣ್ಣಿನ ಮೇಲಿನ ಎರಡು ಪುಟ್ಟ ಬಿಲ್ಲೆಗಳೂ ಸೇರಿ. ಚಕ್ಕುಲಿ ಮಡಕೆಯ ಮೇಲೆ ಹೊಸ ಬೆಲ್ಲದ ಹಾಗೆ ಹೊಳೆಯುತ್ತಾ ಕೂತಿತ್ತು. ಭಾನುವಾರ ಹೇಮಂತ ತಂದದ್ದನ್ನು ಡಬ್ಬ ತೆರೆದ ಸ್ವಲ್ಪ ಹೊತ್ತಿಗೇ ತಿಂದಿತು. ತೂತು ಕೊರೆದ ಡಬ್ಬ ಅವನು ತಂದಿರಲಿಲ್ಲ. ಮುಂದಿನ ಅಂಗಳದಿಂದ ಅಮ್ಮ, “ಉಂಡಿತಾ?” ಅಂತ ಕೂಗಿ ಕೇಳಿದಳು. ಏನು ಉಂಡಿತು ಅಂತ ಕೇಳಲಿಲ್ಲ.

ಮೊನ್ನೆ ಬೇಲೂರಿಗೆ ಹೋಗಲು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದೆ. ಮಾದಿಹಳ್ಳಿ ಕಡೆ ಹೊರಟ ಬಸ್ಸಿನ ಕಿಟಕಿಯಿಂದ ಗಿಡ್ಡಮ್ಮ ತಲೆ ಹೊರಹಾಕಿ, “ಎದ್ದಿತಾ ಅವ್ವಾ?” ಅಂತ ಕೂಗಿದಳು. ಅಷ್ಟೂ ಜನ ನನ್ನ ಕಡೆ ನೋಡಿದರು. ಎದ್ದಿತು, ಉಂಡಿತು ಅಂತ ನಾನೂ ಕೂಗಿದೆ. ಬಸ್ಸು ಹೋಯಿತು.

ಪಕ್ಕದಲ್ಲಿ ಕೂತಿದ್ದ ಯಜಮಾನರು ವಿಶ್ವಾಸದಿಂದ ಕೇಳಿದರು, ರೇಷ್ಮೆಯಾ ಅಂತ.

“ಅಲ್ಲ, ಹಾವು” ಅಂದೆ.

ಅವರು ಒಂದು ಕ್ಷಣ ನನ್ನನ್ನೂ, ನನ್ನ ಕೈಚೀಲವನ್ನೂ ನೋಡಿ, ಬೆಂಚಿನ ಆ ತುದಿಗೆ ಸರಿದರು.