ಟ್ರಾಕ್ಟರು ಕಟ್ಟುವ ಗಂಟು

ನಂಜಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಹೆಬ್ಬೆರಳುದ್ದದ ಆಟದ ಟ್ರಾಕ್ಟರಿನ ದೆಸೆಯಿಂದ ಎಂದರೆ ಅಕ್ಕಿಹೆಬ್ಬಾಳಿನಲ್ಲಿ ಯಾರೂ ನಂಬುವುದಿಲ್ಲ. ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುವ ಗಟ್ಟಿ ಆಸಾಮಿ ಅವನು. ಆದರೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹಲಗೆಯ ಮೇಲೆ ಹಳಿ ಜೋಡಿಸಿ ಪುಟ್ಟ ಗೂಡ್ಸ್ ರೈಲು ಓಡಿಸುವ ಹುಚ್ಚು ಅವನಿಗೆ ಬಹಳ ವರ್ಷದ್ದು.

ಅದೇ ಹುಚ್ಚಿನ ಇನ್ನೊಬ್ಬ ಗಂಜಾಂನ ಮುಖ್ತಾರ್ ಅಹಮದ್. ಲಾರಿ ಓಡಿಸಿ ಸಾಕಾಗಿ ಈಗ ಬಿಡಿಭಾಗದ ಅಂಗಡಿ ಇಟ್ಟಿದ್ದ. ಗೋಡೆಯಿಲ್ಲದ ಚಪ್ಪಟೆ ವ್ಯಾಗನ್ನಿನ ಮೇಲೆ ಟ್ರಾಕ್ಟರು, ಜೀಪು ಹೇರಿ, ತಿರುವಿನಲ್ಲಿ ಉರುಳದ ಹಾಗೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಚಕ್ರದ ಹಿಂದೆ ಮುಂದೆ ಬೆಂಕಿಕಡ್ಡಿಯ ಚೂರು ಅಡ್ಡ ಕೊಟ್ಟು, ಕಪ್ಪು ದಾರ ಎಳೆದು, ಲಾರಿಯ ಹಗ್ಗಕ್ಕೆ ಹಾಕುವ ಗಂಟನ್ನೇ ಚಿಮಟದಲ್ಲಿ ಕಣ್ಣಿಗೆ ಸಿಕ್ಕದಷ್ಟು ಬೇಗ ಹಾಕುತ್ತಿದ್ದ. ಅಂಟು ಹಚ್ಚುವುದೆಂದರೆ ಅವನಿಗೆ ಮೈಯೆಲ್ಲ ಉರಿ. ಆ ಗಂಟಿಗಾಗಿಯೇ ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ನಂಜಪ್ಪ ತನ್ನ ವ್ಯಾಗನ್ನುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಗಂಜಾಂಗೆ ಹೋಗುವುದು, ಮುಖ್ತಾರ್ ಕಟ್ಟಿಕೊಡುವುದು, ಅವನ ಹೆಂಡತಿ ಖತೀಜಾ ಬೀ ಕೊಟ್ಟ ಚಹಾ ಕುಡಿದು ಇಬ್ಬರೂ ಸಂಜೆಯವರೆಗೆ ಹರಟುವುದು ನಡೆದುಬಂದಿತ್ತು. ನನಗೂ ಕಲಿಸು ಎಂದು ನಂಜಪ್ಪ ಎಷ್ಟು ಸಲ ಕೇಳಿದ್ದನೋ. ನಿನ್ನ ದಪ್ಪ ಬೆರಳಿಗೆ ಅದು ಬರಲ್ಲ ಎಂದು ಮುಖ್ತಾರ್ ನಕ್ಕು ತೇಲಿಸಿಬಿಡುತ್ತಿದ್ದ.

ಈ ವರ್ಷ ನಾಗಮಂಗಲದ ಶಿವಶಂಕರ್ ಬಂದು ಇವರ ಜೊತೆ ಸೇರಿಕೊಂಡ. ಬ್ಯಾಂಕಿನವನು, ಮಾತು ಜಾಸ್ತಿ. ಪಾಂಡವಪುರದ ಛತ್ರದಲ್ಲಿ ಮೂವರೂ ಸೇರಿ ರೈಲು ಓಡಿಸಿ ತೋರಿಸುವ ದಿನ, ಶಿವಶಂಕರನ ವ್ಯಾಗನ್ನಿನ ಮುಂದೆ ನಂಜಪ್ಪ ಬಗ್ಗಿ ನಿಂತುಬಿಟ್ಟ. ಅದೇ ಕಪ್ಪು ದಾರ, ಅದೇ ಗಂಟು.

"ನಾನೇ ಕಟ್ಟಿದ್ದು ಕಣಣ್ಣ. ಸಾಹೇಬ್ರು ಒಂದೇ ದಿನದಲ್ಲಿ ಕಲಿಸ್ಬುಟ್ರು," ಎಂದ ಶಿವಶಂಕರ್.

ನಂಜಪ್ಪ ನಕ್ಕ. ಒಳಗೆ ಮಾತ್ರ ಮೆಣಸಿನಕಾಯಿ ಅರೆದ ಹಾಗಾಯಿತು. ಇಷ್ಟು ವರ್ಷದ ಸ್ನೇಹಿತನಿಗೆ ಇಲ್ಲದ್ದು ನಿನ್ನೆ ಮೊನ್ನೆ ಬಂದವನಿಗೆ ಸಿಕ್ಕಿಬಿಟ್ಟಿತಲ್ಲ. ಮುಖ್ತಾರ್ ಕೈತಪ್ಪಿ ಹೋದ ಎಂದೇ ಅವನಿಗೆ ಅನ್ನಿಸಿತು. ಎಲ್ಲರೂ ಊಟಕ್ಕೆದ್ದಾಗ ಅವನು ಹಿಂದೆ ಉಳಿದ. ಶಿವಶಂಕರನ ಟ್ರಾಕ್ಟರಿನ ದಾರ ಬಿಚ್ಚಿದ, ಸಡಿಲ ಬಿಟ್ಟು ಮತ್ತೆ ಕಟ್ಟಿದ. ಮೊದಲ ತಿರುವಿನಲ್ಲಲ್ಲದಿದ್ದರೆ ಎರಡನೆಯದರಲ್ಲಿ ಉರುಳಲೇಬೇಕು, ಜನರ ಮುಂದೆ ಮರ್ಯಾದೆ ಹೋಗಲಿ ಎಂದುಕೊಂಡ.

ಆದರೆ ಲಾರಿಯವರದೊಂದು ಅಭ್ಯಾಸವಿದೆ. ಲೋಡು ಕಟ್ಟಿ ಹೊರಟು ಒಂದಷ್ಟು ದೂರ ಹೋದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಹಗ್ಗ ಜಗ್ಗಿ ನೋಡುತ್ತಾರೆ. ಮುಖ್ತಾರ್ ಆಟದ ರೈಲಿಗೂ ಅದನ್ನೇ ಮಾಡುವವನು. ರೈಲು ಮೊದಲ ತಿರುವು ದಾಟುತ್ತಲೇ ನಿಲ್ಲಿಸಿ ಒಂದೊಂದೇ ದಾರ ಮುಟ್ಟುತ್ತಾ ಬಂದ. ಶಿವಶಂಕರನ ವ್ಯಾಗನ್ನಿನ ಹತ್ತಿರ ಅವನ ಕೈ ನಿಂತಿತು. ದಾರ ಸಡಿಲ ಬಿಟ್ಟು ಮತ್ತೆ ಕಟ್ಟುವಾಗ ನಂಜಪ್ಪನ ಬೆರಳು ತನಗೆ ಗೊತ್ತಿರುವ ಗಂಟನ್ನೇ ಹಾಕಿತ್ತು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. ಗೂಟಕ್ಕೆ ಹಸು ಕಟ್ಟುವವರು ಹಾಕುವುದು ಅದನ್ನೇ. ರೈಲು ಓಡಿಸುವ ಮೂವರಲ್ಲಿ ಹಸು ಕಟ್ಟುವವನು ಒಬ್ಬನೇ.

ಮುಖ್ತಾರ್ ತಲೆಯೆತ್ತಿ ನಂಜಪ್ಪನನ್ನು ನೋಡಿದ. ದಾರ ಸ್ವಲ್ಪ ಜಾರಿದೆ ಎಂದಷ್ಟೇ ಶಿವಶಂಕರನಿಗೆ ಹೇಳಿ, ತಾನೇ ಬಿಗಿಯಾಗಿ ಕಟ್ಟಿ ರೈಲು ಬಿಟ್ಟ. ಜನ ಚಪ್ಪಾಳೆ ತಟ್ಟಿದರು. ನಂಜಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮುಂದಿನ ಶುಕ್ರವಾರ ಹೋಗುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಡಬ್ಬಿ ಹಿಡಿದು ಹೋದ. ಚಹಾ ಬರಲಿಲ್ಲ. ಮುಖ್ತಾರ್ ಯಾವುದೋ ಬಿಡಿಭಾಗ ಒರೆಸುತ್ತಾ ಕುಳಿತಿದ್ದ.

"ಆ ಬ್ಯಾಂಕಿನವ್ನು ದಿನಾ ಬಂದು ತಲೆ ತಿನ್ನೋದು ಬ್ಯಾಡ ಅಂತ ಕಲಿಸಿ ಕಳಿಸ್ದೆ," ಎಂದ ಆಮೇಲೆ. "ನಿಂಗೆ ಕಲಿಸಿದ್ರೆ ನೀನು ಇತ್ಲಾಗೆ ಬರಾಕಿಲ್ಲ ಅಂತ ಕಲಿಸ್ಲಿಲ್ಲ ಕಣ್ಲಾ."

ನಂಜಪ್ಪ ಡಬ್ಬಿ ತೆರೆದು ತನ್ನ ಟ್ರಾಕ್ಟರಿನ ವ್ಯಾಗನ್ನನ್ನು ಅವನ ಮುಂದಿಟ್ಟ.

"ಬಾ ಇಲ್ಲಿ, ನೋಡ್ಕೊ. ಇನ್ಮೇಲೆ ನೀನೇ ಕಟ್ಕೊ," ಎಂದು ಮುಖ್ತಾರ್ ದಾರ ಎಳೆದು ನಿಧಾನವಾಗಿ ಗಂಟು ಹಾಕಿ ತೋರಿಸಿದ.

ಹಸುವಿನ ಹಗ್ಗದಲ್ಲೇ ಪಳಗಿದ ಕೈ. ನಂಜಪ್ಪನಿಗೆ ಒಂದೇ ನೋಟಕ್ಕೆ ತಿಳಿದುಹೋಯಿತು. ಚಿಮಟ ತೆಗೆದುಕೊಂಡು ದಾರದ ತುದಿಯನ್ನು ಬೇಕೆಂದೇ ತಪ್ಪು ಕಡೆಯಿಂದ ತೂರಿಸಿದ. ಟ್ರಾಕ್ಟರು ವಾಲಿತು.

"ನಂಗಿದು ಬರಾಕಿಲ್ಲ ಕಣ್ಲಾ," ಎಂದ ನಂಜಪ್ಪ, ತಲೆ ಎತ್ತದೆ. "ಮುಂದಿನ ಶುಕ್ರವಾರ ಇನ್ನೊಂದ್ಸಲ ತೋರ್ಸು."

ಮುಖ್ತಾರ್ ಆ ಗಂಟನ್ನು ನೋಡಿದ, ಅವನ ಮುಖವನ್ನೂ ನೋಡಿದ. ಆಮೇಲೆ ಒಳಕ್ಕೆ ತಿರುಗಿ, ಎರಡು ಚಹಾ ಎಂದು ಕೂಗಿದ.