ಆಟಿನ್ ಬಂದಾಗ ಬರುವ ಕೆಮ್ಮು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇಸ್ಪೀಟಾಟದ ಬಗ್ಗೆ ಬರೆಯಲು ಅದನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ; ನಾನು ಬಲ್ಲವನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಕೊನೆಯ ಬೆಂಚಿನಲ್ಲಿ ಅರ್ಧ ನಿದ್ದೆಯಲ್ಲಿ. ಈ ಕಥೆ ಹೇಳುವುದಕ್ಕೆ ನನಗಿಂತ ನಮ್ಮ ಅತ್ತೆಯೇ ಸರಿ. ಆದರೆ ಈ ವಿಷಯ ಎತ್ತಿದರೆ ಸಾಕು, ಅವರು ಎದ್ದು ಹೋಗಿ ಒಗೆದ ಬಟ್ಟೆ ಮಡಚತೊಡಗುತ್ತಾರೆ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಾರೆ. ಆದ್ದರಿಂದ ನಾನೇ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ವೈರನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ ಊರಿನ ಮಾತನ್ನೆಲ್ಲ ಜೋಡಿಸಿಕೊಟ್ಟವರು. ಫೋನು ಮಾಡಿದವರು ಹಲೋ ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಇದು ಸಾವಿನ ಸುದ್ದಿಯೋ ಮದುವೆಯ ಸುದ್ದಿಯೋ ಅವರಿಗೆ ತಿಳಿಯುತ್ತಿತ್ತಂತೆ. ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ನಾನು ಬಾಗಿಲಾಚೆ ಚಪ್ಪಲಿ ಬಿಡುವ ಸದ್ದಿನಲ್ಲೇ, ಇವತ್ತು ಅಂಗಡಿಯಲ್ಲಿ ಬೈಸಿಕೊಂಡು ಬಂದಿದ್ದೇನೆಂದು ಅಡುಗೆಮನೆಗೆ ಗೊತ್ತಾಗಿರುತ್ತದೆ.

ಮಾವ ಇದ್ದಷ್ಟು ದಿನ ಭಾನುವಾರ ಬಂತೆಂದರೆ ಮನೆಯಲ್ಲಿ ಜೋಡಿ ಆಟ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಎಲೆ ಹಾಕುತ್ತಾರೆ, ದೊಡ್ಡ ಎಲೆಯವರು ಆ ಸುತ್ತು ಗೆಲ್ಲುತ್ತಾರೆ, ತುರುಪು ಇದ್ದವನು ಎಲ್ಲರ ತಲೆಯ ಮೇಲೆ ಕೂರುತ್ತಾನೆ. ಅತ್ತೆ-ಮಾವ ಒಂದು ಜೋಡಿ. ಮಾವನ ತಮ್ಮ ಮತ್ತು ಅವತ್ತು ಕೈಗೆ ಸಿಕ್ಕ ಬಡಪಾಯಿ ಇನ್ನೊಂದು. ಅತ್ತೆ-ಮಾವ ಸೋತದ್ದನ್ನು ಕಂಡವರಿಲ್ಲ. ಮಾವ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಆ ತಮ್ಮ ಮನೆಗೆ ಬಂದರು. ಚಹಾ ಕುಡಿದು ಬಟ್ಟಲು ಕೆಳಗಿಡುತ್ತ, ಸಮಾಧಾನದ ಮಾತು ಎಂದೇ ತಿಳಿದು ಹೇಳಿದರು: "ಎಷ್ಟಂದ್ರೂ ಆಡ್ತಿದ್ದಿದ್ದು ನಮ್ಮಣ್ಣ. ಅತ್ತಿಗೆ, ನೀವು ಎದುರಿಗೆ ಕೂತಿರ್ತಿದ್ರಿ, ಅಷ್ಟೆ."

ಅತ್ತೆ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಮರುದಿನ ನನ್ನನ್ನು ಕರೆದರು.

"ಅಳಿಯಂದ್ರೆ, ಈ ದೇಶದಲ್ಲಿ ಇಸ್ಪೀಟಿನ ಕ್ಲಬ್ಬು, ಪಂದ್ಯ ಅಂತ ಇರುತ್ತವಲ್ಲ, ಹುಡುಕಿ. ನನ್ನ ಗುರುತೇ ಇಲ್ಲದವರ ಎದುರು ಒಂದ್ಸಲ ಆಡ್ಬೇಕು. ನಂಗೆ ಆಟ ಬರುತ್ತೋ ಇಲ್ವೋ, ನಂಗಾದ್ರೂ ಗೊತ್ತಾಗ್ಲಿ."

ಹುಡುಕುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಾನು ಓದಿದವನೆಂಬ ಕಾರಣಕ್ಕೆ. ನಮ್ಮ ಮನೆಯಲ್ಲಿ ಸಂಜೆ ಕಾಲೇಜಿಗೆ ಇರುವ ಮರ್ಯಾದೆ ಇಂಥ ಸಂದರ್ಭಗಳಲ್ಲಿ ಮಾತ್ರ ಹೊರಬರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ, ಯಜಮಾನರು ಊಟಕ್ಕೆ ಹೋದಾಗ ಕದ್ದು ನೋಡಿದೆ. ದೇಶದಲ್ಲಿ ಇಸ್ಪೀಟು ಕ್ಲಬ್ಬುಗಳಿಗೇನೂ ಬರವಿಲ್ಲ. ಇಸ್ಪೀಟು ಆಡುವವರಿಗೆ ಮಾತ್ರ ಅಲ್ಲಿ ಜಾಗವಿಲ್ಲ ಎಂಬುದು ಮೆಲ್ಲಗೆ ತಿಳಿಯಿತು.

ಮೊದಲನೆಯ ನಂಬರಿಗೆ ಫೋನು ಎತ್ತಿದವರು ಲಿಫ್ಟ್ ರಿಪೇರಿಯವರು. ಕ್ಲಬ್ಬು ಮುಚ್ಚಿ ಯಾವ ಕಾಲವೋ ಆಯಿತು, ನಿಮ್ಮ ಲಿಫ್ಟೇನಾದರೂ ಕೆಟ್ಟಿದೆಯೇ ಎಂದು ಕೇಳಿದರು. ನಮ್ಮದು ನೆಲಮಟ್ಟದ ಮನೆ. ಆದರೂ ಅವರ ಹೊತ್ತು ಹಾಳುಮಾಡಿದೆನಲ್ಲ ಎಂಬ ಸಂಕೋಚಕ್ಕೆ, ಲಿಫ್ಟಿಗೆ ಯಾವಾಗ ಎಣ್ಣೆ ಹಾಕಬೇಕೆಂದು ವಿಚಾರಿಸಿ, ವಿವರವಾಗಿ ಕೇಳಿಸಿಕೊಂಡು, ವಂದನೆ ಹೇಳಿ ಇಟ್ಟೆ.

ಎರಡನೆಯದು ದೊಡ್ಡ ಮನುಷ್ಯರ ಕ್ಲಬ್ಬು. ಕಾವಲುಗಾರನ ಅಂಗಿ ನನ್ನ ಮದುವೆಯ ಅಂಗಿಗಿಂತ ಚೆನ್ನಾಗಿತ್ತು. ಸೇರಬೇಕಾದರೆ ಹಾಲಿ ಸದಸ್ಯರಿಬ್ಬರು ನಿಮ್ಮನ್ನು ಬಲ್ಲೆವೆಂದು ಹೇಳಬೇಕು ಎಂದ. ಸದಸ್ಯರು ಎಲ್ಲಿ ಸಿಗುತ್ತಾರೆ ಎಂದೆ. ಒಳಗೆ. ಒಳಗೆ ಹೋಗಬಹುದೇ? ಸದಸ್ಯರಾದ ಮೇಲೆ. ಅಷ್ಟು ಸ್ಪಷ್ಟವಾದ ನಿಯಮವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ.

ಮೂರನೆಯ ಕ್ಲಬ್ಬು ಟೈರ್ ಅಂಗಡಿಯ ಹಿಂದೆ ಇತ್ತು. ಕಬ್ಬಿಣದ ಬಾಗಿಲಲ್ಲಿ ಒಂದು ಕಿಂಡಿ, ಕಿಂಡಿಯಲ್ಲಿ ಒಂದು ಕಣ್ಣು. ಯಾರು ಕಳಿಸಿದ್ದು ಎಂದು ಕಣ್ಣು ಕೇಳಿತು. ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ. "ನಮ್ಮ ಅತ್ತೆ" ಎಂದೆ. ಕಿಂಡಿ ಮುಚ್ಚಿಕೊಂಡಿತು. ಒಳಗೆ ಯಾರೋ ಕುರ್ಚಿಗಳನ್ನು ಗಡಿಬಿಡಿಯಲ್ಲಿ ಎಳೆದಾಡುವ ಸದ್ದು ಕೇಳಿಸಿತು. ಅತ್ತೆ ಎಂದರೆ ಪೊಲೀಸರ ಗುಟ್ಟಿನ ಮಾತೇನಾದರೂ ಇದ್ದೀತೆಂದು ಅವರು ಹೆದರಿರಬೇಕು. ಅದು ಅಷ್ಟು ತಪ್ಪೂ ಅಲ್ಲ.

ಕೊನೆಗೆ ಡ್ರೈವಿಂಗ್ ಶಾಲೆಯೊಂದರ ಮಹಡಿಯ ಮೇಲೆ ಒಂದು ಕ್ಲಬ್ಬು ಸಿಕ್ಕಿತು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಅದರ ಕೆಳಗೆ ಅಲುಗಾಡುವ ಮೇಜುಗಳು. ಅಲ್ಲಿ ಅಧ್ಯಕ್ಷರಿದ್ದರು, ಉಪಾಧ್ಯಕ್ಷರಿದ್ದರು, ಕಾರ್ಯದರ್ಶಿ, ಸಹಕಾರ್ಯದರ್ಶಿ, ಗೌರವ ಸಲಹೆಗಾರರು ಎಲ್ಲ ಇದ್ದರು. ಬರೀ ಸದಸ್ಯ ಎಂಬ ಪ್ರಾಣಿ ಮಾತ್ರ ಇರಲಿಲ್ಲ. ನನ್ನನ್ನು ಕಂಡು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ಆಳಲು ಒಬ್ಬ ಸಿಕ್ಕಿದನಲ್ಲ. ಅಧ್ಯಕ್ಷರು ನಿವೃತ್ತ ವ್ಯಾಯಾಮ ಶಿಕ್ಷಕರು. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿತ್ತು, ಅದಕ್ಕೇ ಎಲ್ಲರೂ ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಬರುವ ತಿಂಗಳು ಪಂದ್ಯವಿದೆ, ಜೋಡಿಯಾಗಿಯೇ ಬರಬೇಕು, ಜೋಡಿ ನಾವು ಒದಗಿಸುವುದಿಲ್ಲ ಎಂದರು. ಅತ್ತೆಗೆ ಬೇರೆ ಜೋಡಿ ಎಲ್ಲಿಂದ ತರಲಿ? ಹೆಂಡತಿಯನ್ನು ಕೇಳಿದೆ. ಅವಳು, "ಅಮ್ಮನ ಎದುರು ಕೂತು ಬೈಸ್ಕೊಳ್ಳೋ ಕೆಲಸ ನಾನು ಹುಟ್ಟಿದಾಗಿಂದ ಮಾಡಿದ್ದೀನಿ ರೀ, ಇನ್ನು ನಿಮ್ಮ ಸರದಿ" ಎಂದಳು.

ಹಾಗೆ ನಾನು ಅತ್ತೆಯ ಜೋಡಿಯಾದೆ. ದಿನಾ ಸಂಜೆ ಊಟದ ಮೇಜಿನ ಮೇಲೆ ಪಾಠ. ಅತ್ತೆ ಎಲೆ ಕಲೆಸಿ ಹಂಚಿದರೆ ನೀರು ಹರಿದ ಹಾಗೆ. ಆದರೆ ಆಡುವಾಗ ಅವರು ಮೇಜನ್ನು ನೋಡುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ತಲೆ ಸ್ವಲ್ಪ ಓರೆ ಮಾಡಿ ಕೂತಿರುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಆಡುತ್ತಿದ್ದೆ. ಅದೇ ಅವರಿಗೆ ತೊಂದರೆಯಾಯಿತು.

"ನೀವು ಕೂತ್ರೆ ಲೈನ್ ಸತ್ತೋದ ಹಾಗಿರುತ್ತೆ," ಎಂದರು. "ನಿಮ್ಮ ಮಾವ ಹೀಗಿರ್ಲಿಲ್ಲ. ಕೈಯಲ್ಲಿ ಆಟಿನ್ ಎಲೆ ಚೆನ್ನಾಗಿದ್ರೆ ಸಣ್ಣಗೆ ಕೆಮ್ಮೋರು. ಕಳಾವರ್ ಆದ್ರೆ ಮೂಗೆಳೆಯೋರು. ಏನೂ ಇಲ್ದಿದ್ರೆ ಕುರ್ಚಿ ಕಿರುಗುಟ್ಟೋದು. ಜೊತೆಗಾರ ಅಂದ್ಮೇಲೆ ಅಷ್ಟಾದ್ರೂ ಜೀವ ಇರ್ಬೇಡ್ವಾ?"

ಮಾವನಿಗೆ ಚಹಾದಲ್ಲಿ ಸಕ್ಕರೆ ಕಡಿಮೆ ಇರಬೇಕಿತ್ತು ಎಂದು ಹೇಳುವ ದನಿಯಲ್ಲೇ ಇದನ್ನೂ ಹೇಳಿದರು. ಅದರಲ್ಲಿ ಕಪಟವೆಂಬುದು ಎಳ್ಳಷ್ಟೂ ಇರಲಿಲ್ಲ. ನನ್ನ ತಲೆಯಲ್ಲಿ ಏನೋ ಒಂದು ಹುಳು ಮಿಸುಕಿತು ನಿಜ. ಆದರೆ ಆಟ ಬಲ್ಲವರು ಹೇಳುವಾಗ ಗಾಜು ಉಜ್ಜುವವನು ನಡುವೆ ಬಾಯಿ ಹಾಕುವುದೇ? ಇದು ಜೋಡಿ ಆಟದ ಶಿಷ್ಟಾಚಾರವಿರಬೇಕು ಎಂದುಕೊಂಡೆ. ಶಿಷ್ಟಾಚಾರ ಕಲಿಯುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅಂಗಡಿಯಲ್ಲಿ ಗಾಜು ಉಜ್ಜುತ್ತ ಅಭ್ಯಾಸ ಮಾಡಿದೆ. ಯಜಮಾನರು ಎರಡು ದಿನ ರಜೆ ತೆಗೆದುಕೊಂಡು ಎದೆಯ ಫೋಟೋ ತೆಗೆಸು ಎಂದರು.

ಪಂದ್ಯದ ದಿನ ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಪರೀಕ್ಷೆಗೆ ಹೊರಟವರ ಹಾಗೆ ಬಸ್ಸು ಹತ್ತಿದರು. ಪಂದ್ಯಕ್ಕೆ ಹೊರಗಿನ ಜೋಡಿಗಳೂ ಬಂದಿದ್ದವು; ಮೊದಲ ಆಟದಲ್ಲಿ ನಮ್ಮ ಎದುರಾಳಿಗಳು ಕೆಳಗಿನ ಶಾಲೆಯ ಡ್ರೈವಿಂಗ್ ಕಲಿಸುವವರಿಬ್ಬರು. ನಾನು ಕೆಮ್ಮಿದೆ, ಮೂಗೆಳೆದೆ, ಕುರ್ಚಿ ಕಿರುಗುಟ್ಟಿಸಿದೆ. ಅತ್ತೆ ಗೋಡೆಯ ಮೇಲಿನ ನಿಲುಗಡೆ ಚಿಹ್ನೆಯನ್ನೇ ನೋಡುತ್ತ ಅವರನ್ನು ಚಿಂದಿ ಮಾಡಿದರು. ಅತ್ತೆಯ ಕೆನ್ನೆಗೆ ಬಣ್ಣ ಬಂದಿತ್ತು. "ಬರುತ್ತೆ ಅನ್ಸುತ್ತೆ ಅಳಿಯಂದ್ರೆ" ಎಂದರು ಮೆಲ್ಲಗೆ. ಮಾವ ಹೋದಮೇಲೆ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

ಎರಡನೆಯ ಆಟಕ್ಕೆ ಬಂದವರು ಆಸ್ಪತ್ರೆಯ ನರ್ಸಮ್ಮ ಮತ್ತು ಅವರ ತಮ್ಮ, ದರ್ಜಿ. ತಮ್ಮ ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡೇ ಬೆಳೆದವರಂತೆ ಮಾತಿಲ್ಲದವರು. ಅಕ್ಕ ಮಾತ್ರ ನನ್ನನ್ನು ವಾರ್ಡಿನ ರೋಗಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಆಡಿ ಎಲೆ ಕೆಳಗಿಟ್ಟು, ಸೀಟಿ ಮೇಷ್ಟ್ರನ್ನು ಕರೆದರು.

"ಇವರಿಗೆ ಕೆಮ್ಮಿಲ್ಲ," ಎಂದರು. "ಆಟಿನ್ ಬಂದಾಗ ಮಾತ್ರ ಬರೋ ಕೆಮ್ಮನ್ನ ನಾನು ನಮ್ಮ ಆಸ್ಪತ್ರೇಲಿ ಇದುವರೆಗೂ ನೋಡಿಲ್ಲ. ಕಳಾವರ್ ಬಂದ್ರೆ ನೆಗಡಿ ಬೇರೆ."

ಮೇಷ್ಟ್ರು ಸೀಟಿ ಊದಿದರು. ಆಡುವವರೆಲ್ಲ ಕೈ ನಿಲ್ಲಿಸಿದರು. ಕೆಳಗೆ ರಸ್ತೆಯಲ್ಲಿ ಒಂದು ಕಾರೂ ನಿಂತಿತು.

ಅತ್ತೆ ಮೊದಲ ಸಲ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದರು.

"ಅಳಿಯಂದ್ರೆ, ಇದು ಕಳ್ಳಾಟವಾ?"

ನನಗೆ ಹೆದರಿಕೆಗೆ ಕೆಮ್ಮು ಬಂತು. ಕೈಯಲ್ಲಿ ಒಂದು ಆಟಿನ್ ಎಲೆಯೂ ಇಲ್ಲದಾಗ ಬಂದ ನಿಜವಾದ ಕೆಮ್ಮು ಅದು, ಆದರೆ ಆಗ ಅದನ್ನು ಯಾರು ನಂಬುತ್ತಾರೆ?

"ಅಂದ್ರೆ ಅಷ್ಟು ವರ್ಷ ಆಡಿದ್ದು ನಾನಲ್ವಾ?" ಎಂದರು ಅತ್ತೆ. ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಪದಾಧಿಕಾರಿಗಳೆಲ್ಲ ಮೂಲೆಯಲ್ಲಿ ತುರ್ತು ಸಭೆ ಸೇರಿದರು. ಅವರ ಬಾಳಿನ ಸಾರ್ಥಕ ಕ್ಷಣ ಅದು. ಉಪಾಧ್ಯಕ್ಷರು ನಮ್ಮನ್ನು ಹೊರಹಾಕಬೇಕೆಂದರು. ಹೊರಹಾಕಿದರೆ ಇರುವ ಇಬ್ಬರು ಸದಸ್ಯರೂ ಹೋಗುತ್ತಾರೆಂದು ಕಾರ್ಯದರ್ಶಿ ನೆನಪಿಸಿದರು. ಕ್ಲಬ್ಬಿನ ನಿಯಮದಲ್ಲಿ ಮಾತಾಡಬಾರದೆಂದಿತ್ತೇ ಹೊರತು ಕೆಮ್ಮಬಾರದೆಂದು ಇರಲಿಲ್ಲ. ಕೊನೆಗೆ ಮೇಷ್ಟ್ರು ತೀರ್ಪು ಓದಿದರು: ಕೆಮ್ಮುವುದನ್ನು ತಡೆಯಲು ನಮಗೆ ಅಧಿಕಾರವಿಲ್ಲವಾದ್ದರಿಂದ ಕೇಳಿಸಿಕೊಳ್ಳುವುದನ್ನು ತಡೆಯಲಾಗಿದೆ. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಆಡಬಹುದು.

ಎದ್ದು ಹೋಗೋಣವೇ ಎಂದು ನಾನು ಸನ್ನೆ ಮಾಡಿದೆ. ಅತ್ತೆ ತಲೆಯಾಡಿಸಿ ನರ್ಸಮ್ಮನಿಗೆ ಕಿವಿಯೊಡ್ಡಿದರು. ಹತ್ತಿ ನರ್ಸಮ್ಮನ ಚೀಲದಲ್ಲೇ ಇತ್ತು. ತಪ್ಪು ಹಿಡಿದ ಕೈಯೇ ನೋವಾಗದ ಹಾಗೆ ಎರಡೂ ಕಿವಿಗೆ ಹತ್ತಿ ಇಟ್ಟಿತು.

ಮುಂದಿನ ಸುತ್ತುಗಳಲ್ಲಿ ಅತ್ತೆ ಕತ್ತಲೆಯಲ್ಲಿ ತಡಕಾಡುವವರ ಹಾಗೆ ಆಡಿದರು. ತುರುಪನ್ನು ಬೇಡದ ಕಡೆ ಚೆಲ್ಲಿದರು. ಒಮ್ಮೆ ಅವರ ಕೈಯಿಂದ ಎಲೆಯೊಂದು ಜಾರಿ ನೆಲಕ್ಕೆ ಬಿತ್ತು. ದರ್ಜಿ ಬಗ್ಗಿ ಎತ್ತಿಕೊಟ್ಟರು, ಎಲೆಯ ಮುಖ ನೋಡದೆ. ಆಮೇಲೆ ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮೇಜನ್ನು ನೋಡತೊಡಗಿದರು. ಬಿದ್ದ ಎಲೆಯನ್ನು, ಹಾಕಿದವರ ಬೆರಳನ್ನು, ಮತ್ತೆ ಎಲೆಯನ್ನು. ಎಷ್ಟು ಹೊತ್ತು ನೋಡಿದರೆಂದರೆ ಮೇಷ್ಟ್ರ ಕೈ ಸೀಟಿಯ ಹತ್ತಿರ ಹೋಗಿ ಹೋಗಿ ವಾಪಸಾಯಿತು. ಒಂದು ಸುತ್ತು ಗೆದ್ದರು. ಇನ್ನೊಂದು ಗೆದ್ದರು. ಹಾಗೇ ಒಂದೊಂದಾಗಿ ಎಳೆದುಕೊಂಡು, ಇನ್ನೆರಡು ಸುತ್ತು ಬಂದರೆ ಆಟ ನಮ್ಮದೇ ಎಂಬಲ್ಲಿಗೆ ತಂದರು. ನನ್ನ ಕೈಯಲ್ಲಿ ಉಳಿದದ್ದು ಡೈಮನ್ ಎಕ್ಕ ಮತ್ತು ಡೈಮನ್ ಎರಡು.

ಅತ್ತೆ ಡೈಮನ್ ರಾಜನನ್ನು ಇಳಿಸಿದರು.

ಬಲ್ಲವರು ಇಷ್ಟರಲ್ಲಿ ನಕ್ಕಿರುತ್ತೀರಿ. ತುರುಪೆಲ್ಲ ಬಿದ್ದಾಗಿತ್ತು, ರಾಜನಿಗಿಂತ ದೊಡ್ಡ ಎಲೆ ಎಕ್ಕವೊಂದೇ, ಅದು ನನ್ನ ಕೈಯಲ್ಲಿತ್ತು; ರಾಜ ಹೇಗೂ ಗೆಲ್ಲುತ್ತಿತ್ತು. ನಾನು ತೆಪ್ಪಗೆ ಎರಡನ್ನು ಹಾಕಿ, ಮುಂದಿನ ಸುತ್ತಿಗೆ ಎಕ್ಕ ಉಳಿಸಿಕೊಂಡಿದ್ದರೆ ಮುಗಿದಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಗಂಟಲಲ್ಲಿ ಕೆಮ್ಮು ಒತ್ತಿ ಬರುತ್ತಿತ್ತು, ನರ್ಸಮ್ಮ ನನ್ನ ಗಂಟಲನ್ನೇ ನೋಡುತ್ತಿದ್ದರು, ದೊಡ್ಡ ಎಲೆ ಬಚ್ಚಿಟ್ಟುಕೊಂಡರೆ ಅದೂ ಕಳ್ಳತನವೆನಿಸೀತೇನೋ ಎಂದು ಹೆದರಿ, ಅತ್ತೆಯ ರಾಜನ ಮೇಲೆ ನನ್ನ ಎಕ್ಕವನ್ನು ಹಾಕಿದೆ. ಕೊನೆಯ ಸುತ್ತಿನಲ್ಲಿ ನನ್ನ ಎರಡು ಅನಾಥವಾಗಿ ಸತ್ತಿತು. ಅತ್ತೆಯ ಕೈಯಲ್ಲಿ ಉಳಿದಿದ್ದ ಸಣ್ಣ ಡೈಮನ್ ಎಲೆಯಿಂದಲೂ ಅದನ್ನು ಉಳಿಸಲಾಗಲಿಲ್ಲ. ಸೋತೆವು.

ಎಕ್ಕ ನನ್ನ ಕೈಯಲ್ಲೇ ಇದೆಯೆಂದು ಲೆಕ್ಕ ಹಾಕಿ ಅತ್ತೆ ರಾಜನನ್ನು ಇಳಿಸಿದ್ದರೆ ಅದು ದೊಡ್ಡ ಆಟ. ಬೇರೇನೂ ತೋಚದೆ ಇಳಿಸಿದ್ದರೆ ಅದು ಬರೀ ಅದೃಷ್ಟ. ನಾನು ಸರಿಯಾಗಿ ಆಡಿದ್ದರೆ, ಕಿವಿ ಮುಚ್ಚಿಕೊಂಡೂ ಗೆದ್ದೆನೆಂದಾದರೂ ಅವರಿಗೆ ತಿಳಿಯುತ್ತಿತ್ತು. ಅವರಿಗೆ ಬೇಕಾಗಿದ್ದ ಒಂದೇ ಒಂದು ಉತ್ತರದ ಮೇಲೆ ನಾನು ನನ್ನ ಎಕ್ಕವನ್ನು ಇಟ್ಟುಬಿಟ್ಟಿದ್ದೆ.

ನರ್ಸಮ್ಮ ಏಳುವಾಗ ಅತ್ತೆಯ ಒಂದು ಕಿವಿಯ ಹತ್ತಿ ತೆಗೆದು ಹೇಳಿದರು: "ಅಮ್ಮ, ಗುರುವಾರ ಇಲ್ಲಿಗೇ ಆಡೋಕೆ ಬನ್ನಿ. ನನ್ನ ಎದುರಿಗೆ ಕೂತ್ಕೊಳ್ಳಿ. ಅಳಿಯನ್ನ ಮಾತ್ರ ಕರ್ಕೊಂಡು ಬರ್ಬೇಡಿ." ಅಷ್ಟು ಹೊತ್ತೂ ಮಾತಾಡದ ದರ್ಜಿ ತಮ್ಮನ ಮುಖದಲ್ಲಿ ಬಿಡುಗಡೆಯ ಕಳೆ ಕಂಡಿತು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಬೈಯುತ್ತಾರೆಂದು ಕಾದೆ; ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮ ಮಾವ ಕಳ್ಳಾಟ ಆಡೋರಲ್ಲ," ಎಂದರು. ಒಂದು ನಿಲ್ದಾಣ ದಾಟಿದ ಮೇಲೆ, "ಅವರು ಸುಮ್ನೆ ಕೆಮ್ಮಿದ್ರೂ, ಕೇಳಿಸ್ಕೊಂಡಿದ್ದು ನಾನೇ ಅಲ್ವಾ" ಎಂದರು.

ಈಗ ಗುರುವಾರ ಬಂದರೆ ಅತ್ತೆ ಒಬ್ಬರೇ ಹೋಗುತ್ತಾರೆ. ಹತ್ತಿಯನ್ನು ಯಾರೂ ಹೇಳದೆ ಅವರೇ ಇಟ್ಟುಕೊಳ್ಳುತ್ತಾರಂತೆ. ಯಾರು ಗೆದ್ದರು ಎಂದು ಹೆಂಡತಿ ಕೇಳಿದರೆ "ಆಟ ಮುಗೀತು" ಎನ್ನುತ್ತಾರೆ. ಕಳೆದ ವಾರ ನರ್ಸಮ್ಮ ಓದುವ ಕನ್ನಡಕ ಮಾಡಿಸಲು ನಮ್ಮ ಅಂಗಡಿಗೇ ಬಂದರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ನಮ್ಮ ಅತ್ತೆಗೆ ಆಟ ಬರುತ್ತದೆಯೇ ಎಂದು. ಅವರು ಹೊಸ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತ, "ಒಂದೊಂದ್ಸಲ ಗೆಲ್ತೀವಿ. ಇಬ್ರಲ್ಲಿ ಯಾರಿಂದ ಅಂತ ನಾನು ನೋಡಕ್ಕೆ ಹೋಗಿಲ್ಲ" ಎಂದರು.

ಆದ್ದರಿಂದ ಅತ್ತೆಗೆ ಆಟ ಬರುತ್ತದೋ ಇಲ್ಲವೋ ನಾನು ಹೇಳಲಾರೆ. ಮಾವ ಬೇಕೆಂದೇ ಕೆಮ್ಮುತ್ತಿದ್ದರೋ, ಒಳ್ಳೆಯ ಎಲೆ ಕಂಡ ಸಂತೋಷಕ್ಕೆ ಅವರಿಗರಿವಿಲ್ಲದೆ ಗಂಟಲು ಕೆರೆಯುತ್ತಿತ್ತೋ, ಅದೂ ನನಗೆ ಗೊತ್ತಿಲ್ಲ. ಅತ್ತೆಗೆ ಈಗಾಗಲೇ ಗೊತ್ತಾಗಿದೆಯೋ ಏನೋ, ನಾನು ಕೇಳಿಲ್ಲ.