ಬೆನ್ನು ಸವೆದ ಕವಡೆ

ನಾನು ಒಂದು ಕವಡೆ. ಸಮುದ್ರದ ಹುಳವೊಂದು ತನ್ನ ವಾಸಕ್ಕೆಂದು ನನ್ನನ್ನು ಕಟ್ಟಿಕೊಂಡು, ಕೊನೆಗೆ ನನ್ನೊಳಗೇ ಸತ್ತಿತು. ನನ್ನ ಒಡೆಯರಲ್ಲಿ ಮರ್ಯಾದಸ್ಥ ಅಂದರೆ ಅದೊಂದೇ. ಆಮೇಲೆ ಬಂದವರೆಲ್ಲ ಮನುಷ್ಯರು.

ಮೈಸೂರಿನ ಅಂಗಡಿಯೊಂದರಿಂದ ನನ್ನನ್ನು ಇನ್ನು ಮೂರು ಕವಡೆಗಳ ಜೊತೆ ಕೊಂಡು ತಂದವರು ನಂಜಾಜಮ್ಮಣ್ಣಿ. ಮಧ್ಯಾಹ್ನವಾದರೆ ಅವರಿಗೆ ಚೌಕಾಬಾರ ಬೇಕೇ ಬೇಕು. ನಾಲ್ಕೂ ಕವಡೆ ಎಸೆಯುವುದು, ಎಷ್ಟು ಬಾಯಿ ಮೇಲೆ ಬಿದ್ದವೋ ಅಷ್ಟು ಮನೆ ಕಾಯಿ ನಡೆಸುವುದು. ಎಲ್ಲವೂ ಬೋರಲು ಬಿದ್ದರೆ ಮಾತ್ರ ಬಾರ, ಅಂದರೆ ಎಂಟು ಮನೆ. ನನ್ನ ಬೆನ್ನು ಗೂನು. ಎಸೆದರೆ ಉರುಳಿ ಮಂಚದ ಕೆಳಗೆ ಸೇರುತ್ತಿದ್ದೆ. ಬಗ್ಗಿ ತೆಗೆಯಲು ಬೇಸರಪಟ್ಟ ಆ ಹೆಂಗಸು ಒಂದು ದಿನ ನನ್ನನ್ನು ಒಗೆಯುವ ಕಲ್ಲಿಗೆ ಉಜ್ಜಿ ಬೆನ್ನನ್ನು ಚಪ್ಪಟೆ ಮಾಡಿದರು. ಅಂದಿನಿಂದ ನಾನು ಬಹುಪಾಲು ಬೆನ್ನ ಮೇಲೇ ಕೂರತೊಡಗಿದೆ, ಬಾಯಿ ಆಕಾಶಕ್ಕೆ. ಬಾರ ಬೀಳುವುದು ಅಪರೂಪವಾಯಿತು.

"ತಾಯಿ ಚಾಮುಂಡಿ ಯಾಕೋ ನನ್ಮೇಲೆ ಮುನಿಸ್ಕೊಂಡಿದಾಳೆ ಕಣೇ," ಎಂದು ಅವರು ಪಕ್ಕದ ಮನೆಯವಳ ಹತ್ತಿರ ಕಣ್ಣೊರೆಸಿಕೊಂಡರು. ತೆಂಗಿನಕಾಯಿ ಹರಕೆ ಹೊತ್ತರು. ಪ್ರತಿ ಸಲ ಎಸೆಯುವ ಮುಂಚೆ ಮುಷ್ಟಿಯೊಳಗೆ ಉಫ್ ಎಂದು ಊದಿದರು. ಅವರ ವೀಳ್ಯದೆಲೆಯ ವಾಸನೆ ನನ್ನ ಹಲ್ಲುಗಳ ನಡುವೆ ಇನ್ನೂ ಇದೆ. ಉಜ್ಜಿದ ಕೈ ತನ್ನದೇ ಎಂಬುದು ಆ ತಲೆಗೆ ಸಾಯುವವರೆಗೂ ಹೊಳೆಯಲಿಲ್ಲ.

ಆಮೇಲೆ ನಾನು ಅವರ ಮೊಮ್ಮಗಳು ಭಾರ್ಗವಿಯ ಪಾಲಾದೆ. ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಬೀಗ ಹಾಕಿದ ಮೇಲೆ ಮತ್ತೆ ಬಂದು ಎಳೆದು ನೋಡುವ ಸ್ವಭಾವ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೇ ಸಲವೂ ಹೋದರೆ ಕಾಲೇಜೇ ಬಿಡಬೇಕಿತ್ತು. ಸಂಭವನೀಯತೆಯ ಅಸೈನ್‌ಮೆಂಟಿನಲ್ಲಿ ಕನಿಷ್ಠ ಅಂಕವಾದರೂ ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದಿದ್ದರು ಮೇಷ್ಟ್ರು ವಾಮನಮೂರ್ತಿ. ಮನೆಯಿಂದ ಏನಾದರೂ ತಂದು ಎಸೆಯಬೇಕು, ಬಿದ್ದದ್ದನ್ನು ಬರೆಯಬೇಕು, ಸೂತ್ರದ ಉತ್ತರದ ಜೊತೆ ಹೋಲಿಸಬೇಕು. ಬಿದ್ದದ್ದಕ್ಕೆ ಒಂದು ಅಂಕೆ ಕೊಡುವ ನಿಯಮಕ್ಕೆ ಅಲ್ಲಿ ರ‍್ಯಾಂಡಮ್ ವೇರಿಯಬಲ್ ಎನ್ನುತ್ತಾರೆ. ಹೆಸರು ದೊಡ್ಡದು, ಆಟ ಅದೇ.

ತರಗತಿಯ ದಿಲೀಪ ತಾನು ಎಸೆಯಬೇಕಿದ್ದ ನಾಣ್ಯ ಮುಟ್ಟದೆಯೇ ಕ್ಯಾಂಟೀನಿನಲ್ಲಿ ಕೂತು ಬರೆದು ಮುಗಿಸಿದ.

"ಎಸೀತಾ ಕೂತ್ರೆ ಯಾವಾಗ ಮುಗ್ಸ್ತೀಯಾ ಮಾರಾಯ್ತಿ? ಅರ್ಧ ಅಂತ ಇಟ್ಕೊಂಡು ಲೆಕ್ಕ ಮಾಡು. ಆಮೇಲೆ ಅಲ್ಲಲ್ಲಿ ಸ್ವಲ್ಪ ಕೆಡಿಸು. ನಿಜ ಅನ್ಸುತ್ತೆ."

ಅವನು ಮುಂದೆ ಸೇತುವೆ ಕಟ್ಟುವವನು. ದಾಟುವವರನ್ನು ಸಮುದ್ರದ ಹುಳವೇ ಕಾಪಾಡಲಿ.

ಭಾರ್ಗವಿ ಎಸೆದಳು. ಬಾರ ಬರಬೇಕಾದಷ್ಟು ಬರಲಿಲ್ಲ. ತನ್ನ ಕೈಯೇ ಸರಿಯಿಲ್ಲವೆಂದುಕೊಂಡು ಮೊದಲಿನಿಂದ ಎಸೆದಳು. ಆಮೇಲೆ ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಎಸೆದು ನೋಡಿ, ನನ್ನ ಬೆನ್ನಿನ ಮೇಲೆ ಹೆಬ್ಬೆರಳಾಡಿಸಿದಳು. ಹಾಳೆಯ ಕೊನೆಗೆ ಬರೆದಳು: ಒಂದು ಕವಡೆಯ ಬೆನ್ನು ಸವೆದಿದೆ, ಅದಕ್ಕೆ ಅರ್ಧ ಹೊಂದುವುದಿಲ್ಲ.

"ಏನಮ್ಮಾ ಇದು?" ಎಂದರು ವಾಮನಮೂರ್ತಿ. "ಹದಿನಾರಕ್ಕೊಂದು ಬಾರ ಬರ್ಬೇಕು. ನಿಂದೆಲ್ಲಿ ಹೋಯ್ತು?"

"ಸರ್, ಈ ಕವಡೆ ಜಾಸ್ತಿ ಬಾಯಿ ಮೇಲೇ ಬೀಳುತ್ತೆ."

"ಕವಡೆಗೆ ಎರಡು ಮುಖ. ಎರಡು ಮುಖ ಅಂದ್ರೆ ಅರ್ಧ. ಇಷ್ಟು ಗೊತ್ತಿಲ್ದೇನೇ ಎರಡ್ಸಲ ಡುಮ್ಕಿ ಹೊಡ್ದಿದ್ದೀಯ." ತರಗತಿ ನಕ್ಕಿತು. "ಎಲ್ಲಿ, ಎಸಿ ನೋಡೋಣ."

ಅವಳು ನನ್ನೊಂದನ್ನೇ ಮುಷ್ಟಿಯಲ್ಲಿ ಹಿಡಿದಳು. ಊದಲಿಲ್ಲ, ಬೇಡಲಿಲ್ಲ. ಬೇಡಿದ್ದು ನಾನು. ಗಾಳಿಯಲ್ಲಿ ತಿರುಗುತ್ತಾ, ಇದೊಂದು ಸಲ ಬಾಯಿ ಮೇಲಾಗಲಿ ಎಂದು, ಥೇಟ್ ಆ ಮುದುಕಿಯ ಹಾಗೆ.

ಬೋರಲು ಬಿದ್ದೆ.

"ನೋಡ್ದ್ಯಾ?" ಎಂದರು ಮೇಷ್ಟ್ರು.

"ಒಂದ್ಸಲಕ್ಕೆ ಏನೂ ಗೊತ್ತಾಗಲ್ಲ ಸರ್," ಎಂದಳು ಭಾರ್ಗವಿ. "ಇನ್ನೂ ಎಸೀತೀನಿ."

ಎಸೆದಳು. ಹೆಕ್ಕಿ ಮತ್ತೆ ಎಸೆದಳು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ನಗುತ್ತಿದ್ದ ಬೆಂಚಿನಿಂದಲೇ ಯಾರೋ ಕೂಗಲು ಶುರುಮಾಡಿದರು: "ಮೇಲೆ! ಮೇಲೆ! ಬೋರಲು! ಮೇಲೆ!" ಗಂಟೆ ಹೊಡೆಯುವ ಹೊತ್ತಿಗೆ ಇಡೀ ತರಗತಿ ಕೂಗುತ್ತಿತ್ತು, ದಿಲೀಪನ ಗಂಟಲೇ ಎಲ್ಲಕ್ಕಿಂತ ಜೋರು. ವಾಮನಮೂರ್ತಿ ಹಾಳೆ ಎಳೆದುಕೊಂಡು ಅವಳ ಕೊನೆಯ ಸಾಲಿನ ಮೇಲೆ ಕೆಂಪು ಗೀಟು ಎಳೆದರು. ಕೆಳಗೆ ಸರಿಯಾಗಿ ಕನಿಷ್ಠ ಅಂಕ ಹಾಕಿ ಕಾರಣ ಬರೆದರು: ಅಕ್ಷರ ಅಂದವಾಗಿದೆ.

ಅಷ್ಟು ಸಾಕಾಯಿತು. ಪರೀಕ್ಷೆಗೆ ಕೂತಳು, ಪಾಸಾದಳು.

ಈಗ ಅವಳ ಮನೆಯ ಮೇಜಿನ ಖಾನೆಯಲ್ಲಿ, ಪಿನ್ನು, ಮುಗಿದ ಸೆಲ್ಲುಗಳ ನಡುವೆ ನನ್ನ ಮುಪ್ಪು ಕಳೆಯುತ್ತಿದೆ. ಭಾನುವಾರ ಆಟಕ್ಕೆ ತೆಗೆಯುತ್ತಾರೆ. ಅವಳ ಗಂಡ ಜಯದೇವ ಮುಷ್ಟಿಯೊಳಗೆ ಊದುತ್ತಾನೆ: "ಬಾರ ಬೀಳೇ ನಮ್ಮವ್ವ!" ಆ ಮುದುಕಿಯ ಸಾಲಿಗೆ ಇನ್ನೊಬ್ಬ.

"ಅದಕ್ಕೆ ಕಿವಿ ಇಲ್ಲ ರೀ," ಎಂದು ಭಾರ್ಗವಿ ನಗುತ್ತಾಳೆ.

ಅವಳೂ ತಪ್ಪುತ್ತಾಳೆ. ಕಿವಿ ಇದೆ. ಎಲ್ಲವೂ ಕೇಳಿಸುತ್ತದೆ. ಕೈಲಾಗುವುದಿಲ್ಲ, ಅಷ್ಟೇ.